ಓಡುವಾಗಲೇ ಬೈಕ್ ಪಂಚರ್ ಆದರೆ ಬ್ರೇಕ್ ಹಿಡಿಯಬೇಕಾ, ಬೇಡವಾ?

ಪ್ರಶ್ನೆ: ನಾನು ದಿನಾ ತುಮಕೂರಿನಿಂದ ದಾಬಸ್‌ಪೇಟೆಗೆ ಬೈಕ್‌ನಲ್ಲಿ ಹೋಗಿ ಬರುತ್ತೇನೆ. ಹೈವೇಯಲ್ಲಿ ಹಿಂದೆಯೇ ಲಾರಿಗಳು ಬರುತ್ತಿರುತ್ತವೆ. ಸ್ಪೀಡಲ್ಲಿ ಇರುವಾಗ ಟೈರ್ ಗಾಳಿ ಹೋದರೆ ತಕ್ಷಣ ಬ್ರೇಕ್ ಹಾಕಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಹಾಕಬೇಡಿ. ಮೊದಲ ನಾಲ್ಕೈದು ಸೆಕೆಂಡ್ ಅಂತೂ ಬೇಡವೇ ಬೇಡ. ಪಂಚರ್ ಆದ ಕೂಡಲೇ ಬೀಳುವವರು ಕಡಿಮೆ. ಗಾಬರಿಯಲ್ಲಿ ಬ್ರೇಕ್ ಅದುಮಿದ ಕೂಡಲೇ ಬೀಳುವವರೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಟೈರಿನ ಅಂಚನ್ನು ರಿಮ್‌ಗೆ ಒತ್ತಿ ಹಿಡಿದಿರುವುದು ಒಳಗಿನ ಗಾಳಿ. ಗಾಳಿ ಹೋದರೆ ಟೈರ್ ರಿಮ್ ಮೇಲೆ ಸಡಿಲವಾಗಿ ಕೂತಿರುತ್ತದೆ, ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನ ಹಾಗೆ. ಬ್ರೇಕ್ ನಿಲ್ಲಿಸುವುದು ರಿಮ್ಮನ್ನು, ಟೈರನ್ನಲ್ಲ. ರಿಮ್ ನಿಂತಿತು, ಟೈರನ್ನು ರಸ್ತೆ ಎಳೆಯುತ್ತಲೇ ಇದೆ ಅಂದುಕೊಳ್ಳಿ. ಟೈರ್ ಅಡ್ಡ ಸರಿಯುತ್ತದೆ, ಕೆಲವು ಸಲ ರಿಮ್‌ನಿಂದ ಕಳಚಿಯೇ ಬರುತ್ತದೆ. ಆಮೇಲೆ ಯಾರ ಕೈಚಳಕವೂ ನಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹ್ಯಾಂಡಲ್ ಬಿಗಿಯಾಗಿ ಹಿಡಿಯಿರಿ, ಆದರೆ ಅದರ ಜೊತೆ ಕುಸ್ತಿ ಬೇಡ. ಗಾಡಿ ನೇರವಾಗಿರಲಿ. ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ. ವೇಗ ತಾನೇ ಇಳಿಯುತ್ತದೆ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ಸ್ವಲ್ಪಸ್ವಲ್ಪವೇ ಸರಿಯಿರಿ. ಹಿಂದೆ ಲಾರಿ ಇದ್ದರೂ ಇದೇ ಸರಿ. ಲಾರಿಯವನಿಗೆ ನಿಧಾನ ಆಗುತ್ತಿರುವ ಬೈಕ್ ಕಾಣುತ್ತದೆ, ಅವನ ಮುಂದೆ ಧೊಪ್ ಅಂತ ಬಿದ್ದ ಬೈಕ್‌ಗೆ ಅವನು ಏನೂ ಮಾಡಲಾರ.

ಯಾವ ಚಕ್ರ ಹೋಗಿದೆ ಅನ್ನುವುದು ಮುಖ್ಯ. ಬೈಕಿನ ಹಿಂಭಾಗ ಹಾವಿನ ಹಾಗೆ ಓಲಾಡಿದರೆ, ಸೀಟು ತೇಲಿದ ಹಾಗೆ ಅನ್ನಿಸಿದರೆ ಹಿಂದಿನದು. ಹ್ಯಾಂಡಲ್ ಇದ್ದಕ್ಕಿದ್ದಂತೆ ಭಾರವಾದರೆ, ತಿರುಗಿಸಿದರೂ ತಡವಾಗಿ ತಿರುಗಿದರೆ ಮುಂದಿನದು. ಮುಂದಿನದೇ ಹೆಚ್ಚು ಅಪಾಯ. ವೇಗ ಚೆನ್ನಾಗಿ ಇಳಿದ ಮೇಲೂ ಬ್ರೇಕ್ ಬೇಕೇಬೇಕು ಅನ್ನಿಸಿದರೆ, ಗಾಳಿ ಇರುವ ಚಕ್ರದ ಬ್ರೇಕನ್ನು ಮಾತ್ರ ಮೆಲ್ಲಗೆ ಬಳಸಿ. ಹಿಂದಿನದು ಹೋಗಿದ್ದರೆ ಮುಂದಿನ ಬ್ರೇಕ್, ಮುಂದಿನದು ಹೋಗಿದ್ದರೆ ಹಿಂದಿನ ಬ್ರೇಕ್. ಹಿಂದಿನದು ಹೋದಾಗ ಟಪಟಪ ಅಂತ ಗೇರ್ ಇಳಿಸುವುದೂ ಬೇಡ. ಎಂಜಿನ್ ಹಿಡಿತ ಬೀಳುವುದು ಅದೇ ಚಕ್ರದ ಮೇಲೆ ಅಲ್ವಾ?

ಇಲ್ಲಿ ಒಂದು ತೊಡಕಿದೆ, ಯಾರೂ ಹೇಳುವುದಿಲ್ಲ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ (ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದರು. ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ ಬರುವುದು ಸಿಬಿಎಸ್. ಅಂಥ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಒತ್ತಿದರೆ, ಬೈಕ್‌ನಲ್ಲಿ ಕಾಲಿನ ಬ್ರೇಕ್ ಒತ್ತಿದರೆ, ಹಿಂದಿನದರ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅಂದರೆ ಮುಂದಿನ ಟೈರ್ ಹೋದಾಗ ‘ಬರೀ ಹಿಂದಿನ ಬ್ರೇಕ್’ ಅನ್ನುವುದು ನಿಮ್ಮ ಗಾಡಿಯಲ್ಲಿ ಇಲ್ಲದೇ ಇರಬಹುದು. ಆಗ ಆಕ್ಸಿಲರೇಟರ್ ಬಿಟ್ಟು ಕಾಯುವುದೇ ದಾರಿ. ಎಬಿಎಸ್ ಇದೆ ಅಂತಲೂ ಧೈರ್ಯ ಬೇಡ. ಅದು ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಟೈರನ್ನು ರಿಮ್ ಮೇಲೆ ಕೂರಿಸಿಡುವುದಿಲ್ಲ.

ನನಗೂ ಆಗಿದೆ. ಹಾಸನಕ್ಕೆ ಹೊರಟಿದ್ದೆ, ಹಿಂದೆ ಭಾವ ಕೂತಿದ್ದರು. ಯಡಿಯೂರು ಇನ್ನೇನು ಬಂತು ಅನ್ನುವಾಗ ಅರವತ್ತರ ಸ್ಪೀಡಲ್ಲಿ ಗಾಡಿ ಓಲಾಡತೊಡಗಿತು. ಭಾವ ಕಿವಿ ಹತ್ತಿರ ಬಂದು, “ಏನೋ, ರೋಡು ಹಿಂಗಿದೆ?” ಅಂದರು. “ರೋಡು ಚೆನ್ನಾಗಿದೆ ಭಾವ, ಟೈರೇ ಹಿಂಗೆ. ಅಲ್ಲಾಡದೆ ಕೂತ್ಕೊಳ್ಳಿ” ಅಂದೆ. ಅವರು ಅಲ್ಲಾಡದೆ ಕೂತದ್ದೇ ಅವತ್ತಿನ ದೊಡ್ಡ ಸಹಾಯ. ಹಿಂದೆ ಕೂತವರು ಗಾಬರಿಯಲ್ಲಿ ಕಾಲು ಕೆಳಗಿಟ್ಟರೆ ಕೆಲಸ ಕೆಟ್ಟಿತು.

ಗಾಡಿ ತಳ್ಳಿಕೊಂಡು ಹೋಗಿ, ಟೈರ್ ಮೇಲೆ ಸುಣ್ಣದಲ್ಲಿ ‘ಪಂಚರ್’ ಅಂತ ಬರೆದು ನೇತುಹಾಕಿದ್ದ ಅಂಗಡಿ ಹಿಡಿದೆವು. ಹುಡುಗ ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿ ತಿರುಗಿಸಿದ. ಗುಳ್ಳೆ ಬಂದದ್ದು ರಸ್ತೆ ಕಡೆಯಿಂದಲ್ಲ, ರಿಮ್ ಕಡೆಯಿಂದ. “ಮೊಳೆ ಅಲ್ಲ ಸಾರ್. ಹೋದ ಸಲ ಯಾರು ಬಿಚ್ಚಿದ್ದು? ರಿಮ್ ಟೇಪೇ ಹಾಕಿಲ್ಲ” ಅಂದ. ಸ್ಪೋಕ್ ತುದಿಗಳ ಮೇಲೆ ಇರಬೇಕಾದ ರಬ್ಬರ್ ಪಟ್ಟಿಯನ್ನು ಹಿಂದಿನ ಅಂಗಡಿಯವನು ವಾಪಸ್ ಹಾಕಿರಲಿಲ್ಲ. ಸ್ಪೋಕ್ ದಿನಾ ಉಜ್ಜಿ ಉಜ್ಜಿ ಟ್ಯೂಬ್ ತೂತಾಗಿತ್ತು. ಅವತ್ತಿನಿಂದ ಪಂಚರ್ ಹಾಕುವಾಗ ಟೀ ಕುಡಿಯಲು ಹೋಗುವುದು ಬಿಟ್ಟಿದ್ದೇನೆ. ಅಲ್ಲೇ ನಿಂತು ಎರಡು ವಿಷಯ ನೋಡುತ್ತೇನೆ: ಗುಳ್ಳೆ ಯಾವ ಕಡೆ ಬಂತು, ಟ್ಯೂಬ್ ಹಾಕುವ ಮೊದಲು ಅವನು ಟೈರ್ ಒಳಗೆ ಕೈಯೋ ಬಟ್ಟೆಯೋ ಸವರಿದನಾ. ಮೊಳೆಯ ತುಂಡು ಒಳಗೇ ಉಳಿದರೆ ಹತ್ತು ಕಿಲೋಮೀಟರ್‌ಗೆ ಮತ್ತೆ ಅದೇ ಕಥೆ.

ನಿಮ್ಮದು ಟ್ಯೂಬ್ ಟೈರಾ, ಟ್ಯೂಬ್‌ಲೆಸ್ಸಾ? ಸ್ಪೋಕ್ ಚಕ್ರವಿದ್ದರೆ ಬಹುತೇಕ ಟ್ಯೂಬೇ. ಅದು ತೂತಾದರೆ ಸ್ಪೋಕ್ ತೂತು, ವಾಲ್ವ್ ತೂತುಗಳಿಂದ ಗಾಳಿ ಬುಸ್ಸಂತ ಹೋಗಿಬಿಡುತ್ತದೆ. ನಿಮಗೆ ಸಿಗುವ ಸಮಯ ಕಡಿಮೆ. ಟ್ಯೂಬ್‌ಲೆಸ್‌ನಲ್ಲಿ ಚುಚ್ಚಿದ ಮೊಳೆಯೇ ಬಿರಡೆಯ ಹಾಗೆ ಕೂತಿರುತ್ತದೆ, ಗಾಳಿ ಮೆಲ್ಲಗೆ ಇಳಿಯುತ್ತದೆ. ಅದಕ್ಕೇ ದಾರಿಯಲ್ಲಿ ಮೊಳೆ ಕಂಡರೆ ಕೀಳಬೇಡಿ. ಗಾಳಿ ತುಂಬಿಸಿಕೊಂಡು ನಿಧಾನಕ್ಕೆ ಅಂಗಡಿ ಮುಟ್ಟಿ. ಸ್ಟ್ರಿಪ್ ಕಿಟ್ (ತೂತಿಗೆ ತುರುಕುವ ರಬ್ಬರ್ ಪಟ್ಟಿ, ಅದರ ಸಲಕರಣೆ), ಕೈಪಂಪ್ ಜೊತೆಗಿದ್ದರೆ ನೀವೇ ಹಾಕಿಕೊಳ್ಳಬಹುದು, ಕಷ್ಟವೇನಿಲ್ಲ. ಆದರೆ ರಸ್ತೆ ಮುಟ್ಟುವ ಭಾಗಕ್ಕೆ ಮಾತ್ರ. ಪಕ್ಕದ ಗೋಡೆ ಸೀಳಿದ್ದರೆ ಸ್ಟ್ರಿಪ್ ತುರುಕಿ ಹೈವೇಗೆ ಹೋಗಬೇಡಿ, ಟೈರ್ ಬದಲಾಯಿಸಿ.

ಪೆಟ್ರೋಲ್ ಟ್ಯಾಂಕ್ ಮೇಲೆ ಕೂತು ಹಿಂದಿನ ಪಂಚರ್ ಚಕ್ರದಲ್ಲೇ ಅಂಗಡಿವರೆಗೆ ಓಡಿಸುವವರನ್ನು ನೀವೂ ನೋಡಿರುತ್ತೀರಿ. ಟ್ಯೂಬ್ ಟೈರ್ ಆದರೆ ಅದು ದುಬಾರಿ ಜಾಣತನ. ಗಾಳಿಯಿಲ್ಲದ ಟೈರ್ ರಿಮ್ ಮೇಲೆ ಜಾರುತ್ತಾ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ, ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ. ಒಂದು ಪ್ಯಾಚಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಟ್ಯೂಬ್ ಬೀಳುತ್ತದೆ. ಹಳೇ ಚೇತಕ್ ಸ್ಕೂಟರ್ ಕಾಲದಲ್ಲಿ ಸ್ಟೆಪ್ನಿ ಜೊತೆಗೇ ಇತ್ತು, ಪಾನಾ ಹಿಡಿದು ಬದಲಾಯಿಸಿ ಹೊರಡುತ್ತಿದ್ದರು. ಈಗ ಆ ಸುಖ ಇಲ್ಲ, ತಳ್ಳಬೇಕು.

ಇನ್ನು ಮೊದಲೇ ತಪ್ಪಿಸುವ ಮಾತು. ಮೊಳೆ ನಮ್ಮ ಕೈಯಲ್ಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬರು ಅಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆಯ್ದದ್ದು ಪೇಪರಲ್ಲೇ ಬಂದಿತ್ತು! ಗಾಳಿ ಮಾತ್ರ ನಮ್ಮ ಕೈಯಲ್ಲಿದೆ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿಕೊಂಡು ಕಾದು ಹೋಗುತ್ತದೆ, ಒಳಗಿನ ದಾರಗಳು ಸಡಿಲಾಗುತ್ತವೆ. ನೂರು ಸಿಸಿ ಬೈಕ್‌ಗೆ ಒಬ್ಬರೇ ಹೋಗುವಾಗ ಮುಂದೆ 25, ಹಿಂದೆ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಇರುತ್ತದೆ. ಹಿಂದೆ ಒಬ್ಬರು ಕೂತರೆ ಹಿಂದಿನದಕ್ಕೆ ಜಾಸ್ತಿ ಬೇಕು. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಮ್ಯಾನುಯಲ್‌ನಲ್ಲಿದೆ, ಎಷ್ಟೋ ಗಾಡಿಗಳಲ್ಲಿ ಚೈನ್ ಕವರ್ ಹತ್ತಿರದ ಸ್ಟಿಕರ್‌ನಲ್ಲೂ ಇರುತ್ತದೆ. ಬಂಕ್ ಹುಡುಗ “ಎಷ್ಟು ಸಾರ್?” ಅಂದಾಗ “ನೋಡಿ ಹಾಕಪ್ಪ” ಅನ್ನಬೇಡಿ. ಟೈರ್ ಬಿಸಿಯಾದಾಗ ಗೇಜ್ ಜಾಸ್ತಿ ತೋರಿಸುತ್ತದೆ, ಹಾಗಾಗಿ ಬೆಳಗ್ಗೆ ಹೊರಟ ಕೂಡಲೇ ನೋಡಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಣ್ಣ ಗುರುತಿರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಸ್ತೆ ಮುಟ್ಟುವ ಭಾಗದ ಗುಂಡಿ, ಗೆರೆ ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕು ಎದ್ದಿದ್ದರೆ ಆ ಟೈರ್ ದಿನಾ ಹೈವೇ ಓಡಾಟಕ್ಕಲ್ಲ.

ಪಂಚರ್ ಹಾಕಿಸಿದ ಮರುದಿನ ಬೆಳಗ್ಗೆ ಟೈರ್ ಒತ್ತಿ ನೋಡಿ. ಮೆತ್ತಗಾಗಿದ್ದರೆ ವಾಲ್ವ್ ಬಾಯಿಗೆ ಒಂದು ಹನಿ ಎಂಜಲು ಹಚ್ಚಿ. ಗುಳ್ಳೆ ಎದ್ದರೆ ಹೋಗಿರುವುದು ಒಳಗಿನ ಪಿನ್, ಅದನ್ನು ಬದಲಾಯಿಸಲು ಎರಡು ನಿಮಿಷ ಸಾಕು. ಪಿನ್ ಹಾಕಿ ನೋಡುವ ಮೊದಲೇ ಅಂಗಡಿಯವನು “ಟ್ಯೂಬೇ ಹೋಗಿದೆ ಸಾರ್” ಅಂದರೆ ಒಪ್ಪಿಕೊಳ್ಳಬೇಡಿ.