ಗರ್ಭಕೋಶ ಜಾರುವುದಕ್ಕೆ ಹೆರಿಗೆಯೊಂದೇ ಕಾರಣವಲ್ಲ

ನಾಲ್ಕು ಮಕ್ಕಳನ್ನು ಹೆತ್ತವಳು ಗಟ್ಟಿಮುಟ್ಟಾಗಿರುತ್ತಾಳೆ. ಒಂದೇ ಹೆರಿಗೆಯಾದ ಇನ್ನೊಬ್ಬಳಿಗೆ ಗರ್ಭಕೋಶ ಜಾರುತ್ತದೆ, ಕೆಮ್ಮಿದರೂ ಮೂತ್ರ ಸೋರುತ್ತದೆ. 'ಬಾಣಂತನ ಸರಿಯಾಗಲಿಲ್ಲ, ಬೇಗ ಎದ್ದು ಕೊಡ ಹೊತ್ತಳು' ಎಂದು ಮನೆಯವರು ಅವಳ ಮೇಲೇ ತಪ್ಪು ಹೊರಿಸುತ್ತಾರೆ. ವೈದ್ಯರೂ ಬಹುಕಾಲ ಹೆರಿಗೆಯನ್ನೇ ಮುಖ್ಯ ಕಾರಣ ಎನ್ನುತ್ತಿದ್ದರು.

ಆದರೆ ಹೆರದವರಿಗೂ ಹೀಗಾಗುತ್ತದಲ್ವಾ? ಅಮೆರಿಕದ ರೋಚೆಸ್ಟರ್‌ನ ವೈದ್ಯೆ ಗುನ್‌ಹಿಲ್ಡೆ ಬುಕ್ಸ್‌ಬಾಮ್ ಅವರ ತಂಡ 2002ರಲ್ಲಿ 149 ಕ್ರೈಸ್ತ ಸನ್ಯಾಸಿನಿಯರನ್ನು ವಿಚಾರಿಸಿತು. ಸುಮಾರು ಅರ್ಧದಷ್ಟು ಜನರಿಗೆ ಮೂತ್ರ ಸೋರುವ ತೊಂದರೆಯಿತ್ತು. 2005ರಲ್ಲಿ ಅದೇ ತಂಡ, ಮುಟ್ಟು ನಿಂತ 143 ಜೋಡಿ ಅಕ್ಕತಂಗಿಯರನ್ನು ಹೋಲಿಸಿತು. ಪ್ರತಿ ಜೋಡಿಯಲ್ಲೂ ಒಬ್ಬಳು ಹೆತ್ತವಳು, ಇನ್ನೊಬ್ಬಳು ಹೆರದವಳು. ಹೆತ್ತವರಲ್ಲಿ ಶೇ 49.7, ಹೆರದವರಲ್ಲಿ ಶೇ 47.6 ಮಂದಿಗೆ ತೊಂದರೆ! ಗರ್ಭಕೋಶ ಜಾರುವ ವಿಷಯದಲ್ಲೂ ಅಕ್ಕತಂಗಿಯರ ಸ್ಥಿತಿ ಬಹುಮಟ್ಟಿಗೆ ಒಂದೇ ಥರ ಇತ್ತು. ವ್ಯತ್ಯಾಸ ಇದ್ದ ಜೋಡಿಗಳಲ್ಲಿ ಮಾತ್ರ ಹೆಚ್ಚಾಗಿ ಹೆತ್ತವಳಿಗೇ ಜಾಸ್ತಿಯಾಗಿತ್ತು. ಹೆರಿಗೆಯ ಪಾತ್ರ ಇದ್ದೇ ಇದೆ. ಪೂರ್ತಿ ಹೊರೆಯನ್ನು ಅದರ ಮೇಲೆ ಹಾಕುವುದು ತಪ್ಪು.

ಅಕ್ಕತಂಗಿಯರು ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಊಟ ಉಂಡವರು. ಹಾಗಾಗಿ ಇಷ್ಟರಿಂದಲೇ ಅನುವಂಶೀಯತೆ ಸಾಬೀತಾಗುವುದಿಲ್ಲ. ಅದಕ್ಕೆ ಅವಳಿಗಳು ಬೇಕಾದರು. 2008ರಲ್ಲಿ ಸ್ವೀಡನ್ನಿನ ಸಂಶೋಧಕರು ವಂಶವಾಹಿಗಳು ಒಂದೇ ಆಗಿರುವ ತದ್ರೂಪಿ ಅವಳಿಗಳನ್ನೂ, ಸುಮಾರು ಅರ್ಧದಷ್ಟು ಮಾತ್ರ ಹಂಚಿಕೊಂಡ ಸಾಮಾನ್ಯ ಅವಳಿಗಳನ್ನೂ ಹೋಲಿಸಿದರು. ಈ ಎರಡು ತೊಂದರೆಗಳು ಕೆಲವು ಹೆಂಗಸರಿಗೆ ಬಂದು ಇನ್ನು ಕೆಲವರಿಗೆ ಬಾರದಿರುವುದರಲ್ಲಿ ಸುಮಾರು ಶೇ 40 ಪಾಲು ವಂಶವಾಹಿಗಳದು ಎಂದು ಅವರ ಲೆಕ್ಕ ಹೇಳಿತು.

ವಂಶವಾಹಿ ಮಾಡುವುದೇನು? ಇದರ ಸುಳಿವು 2004ರಲ್ಲೇ ಇಲಿಗಳಲ್ಲಿ ಸಿಕ್ಕಿತ್ತು. ಗರ್ಭಕೋಶ, ಮೂತ್ರಕೋಶಗಳನ್ನು ಹಿಡಿದಿಡುವ ಅಂಗಾಂಶದಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಇರುತ್ತದೆ. ಹೆರಿಗೆಯ ನಂತರ ದೇಹ ಅದನ್ನು ಹೊಸದಾಗಿ ಹೆಣೆಯಬೇಕು. ಆ ಕೆಲಸಕ್ಕೆ ಬೇಕಾದ ಎಲ್‌ಒಎಕ್ಸ್‌ಎಲ್1 ವಂಶವಾಹಿ ಇಲ್ಲದ ಹೆಣ್ಣಿಲಿಗಳು ಮರಿ ಹಾಕಿದ ಮೇಲೆ ಅವುಗಳ ಅಂಗಗಳು ಕೆಳಗೆ ಜಾರಿದವು. ಹೆರಿಗೆ, ವಂಶವಾಹಿ ಎರಡೂ ಸೇರಿ ಕೆಲಸ ಮಾಡುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮನುಷ್ಯರಲ್ಲಿ ಹೀಗೆ ಒಂದೇ ವಂಶವಾಹಿಯ ಕಡೆ ಕೈ ತೋರಿಸಲು ಆಗುವುದಿಲ್ಲ. 2022ರಲ್ಲಿ ಎಸ್ಟೋನಿಯಾದವರು ಮುಂದಾಳತ್ವ ವಹಿಸಿದ ಅಧ್ಯಯನವು ಅಂಗ ಜಾರುವ ತೊಂದರೆಯಿದ್ದ 28,086 ಮಹಿಳೆಯರ ಮಾಹಿತಿ ನೋಡಿ, ಜೀನೋಮ್‌ನ (ದೇಹದ ಇಡೀ ಡಿಎನ್‌ಎಯ) 26 ಜಾಗಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು. ಈ ಮಾಹಿತಿ ಯುರೋಪ್ ಮೂಲದ ಮಹಿಳೆಯರದು. ಅದನ್ನು ನಮ್ಮ ಹೆಣ್ಣುಮಕ್ಕಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಸದ್ಯಕ್ಕೆ ರಕ್ತಪರೀಕ್ಷೆಗಿಂತ ವೈದ್ಯರ ಒಂದು ಪ್ರಶ್ನೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ: 'ನಿಮ್ಮ ಅಮ್ಮನಿಗೆ, ಅಕ್ಕತಂಗಿಯರಿಗೆ ಈ ತೊಂದರೆ ಇತ್ತಾ?'