ಎಲೆ ಕರಗಿದ ಮಾತ್ರಕ್ಕೆ ಗಿಡ ಸತ್ತಿತೇ?

ಪ್ರಶ್ನೆ: ಮೂರು ವಾರಗಳ ಹಿಂದೆ ಕ್ರಿಪ್ಟೋಕೋರಿನ್ ಸ್ಪೈರಾಲಿಸ್ ಎಂಬ ಗಿಡವನ್ನು ತಂದು ಅಕ್ವೇರಿಯಂನಲ್ಲಿ ನೆಟ್ಟೆ. ಹತ್ತೇ ದಿನಗಳಲ್ಲಿ ಎಲೆಗಳೆಲ್ಲ ಲೋಳೆಯಂತಾಗಿ ಕರಗಿಹೋದವು. ಗಿಡ ಸತ್ತಿದೆ, ಕಿತ್ತು ಬಿಸಾಡಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಇದು ನಿಜವಾಗಿಯೂ ನೀರಿನ ಗಿಡವೇ? ಇದನ್ನು ನೀರಿನ ಹೊರಗೆ ಬಾಲ್ಕನಿಯಲ್ಲಿ ಬೆಳೆಸಬಹುದೇ?
– ಡೊಂಬಿವಲಿಯ ಓದುಗರು

ಉತ್ತರ: ಕಿತ್ತು ಬಿಸಾಡಬೇಡಿ. ಈಗಾಗಲೇ ಬಿಸಾಡಿದ್ದರೆ, ಬದುಕಿದ್ದ ಗಿಡವನ್ನೇ ಬಿಸಾಡಿರುವ ಸಾಧ್ಯತೆ ಹೆಚ್ಚು. ಈ ಪ್ರಶ್ನೆಗೆ ನಾನು ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿಹೋಗಿದೆ. ಆದರೂ ಎಲೆ ಕರಗಿದರೆ ಗಿಡ ಸತ್ತಂತೆ ಎಂಬ ನಂಬಿಕೆ ಅಲುಗಾಡಿಲ್ಲವಾದ್ದರಿಂದ, ಈ ಬಾರಿ ಅದರ ಬುಡದಿಂದಲೇ ಆರಂಭಿಸುತ್ತೇನೆ.

ಕ್ರಿಪ್ಟೋಕೋರಿನ್ ನಮ್ಮ ಕೆಸುವಿನ ಬಳಗಕ್ಕೆ ಸೇರಿದ ಸಸ್ಯ. ಅದರಲ್ಲೂ ಸ್ಪೈರಾಲಿಸ್ ಪ್ರಭೇದವು ಪರದೇಶದ್ದಲ್ಲ; ಕೊಂಕಣದಿಂದ ಕೇರಳದವರೆಗೆ ಪಶ್ಚಿಮ ಕರಾವಳಿಯ ಗದ್ದೆಗಳಲ್ಲಿಯೂ ತೊರೆಗಳ ಅಂಚಿನಲ್ಲಿಯೂ ತಾನಾಗಿ ಬೆಳೆಯುತ್ತದೆ. ಗದ್ದೆಯ ಬದುಕು ಹೇಗಿರುತ್ತದೆಂಬುದನ್ನು ಊರಿನಲ್ಲಿ ಬೇಸಾಯ ಕಂಡವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಗಿಡ ಮುಳುಗುತ್ತದೆ, ಮಳೆ ಹಿಂದೆ ಸರಿದ ಮೇಲೆ ಕೆಸರಿನಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಹೀಗೆ ವರ್ಷಕ್ಕೊಮ್ಮೆ ನೀರಿನ ಒಳಗೂ ಹೊರಗೂ ಬಾಳುವ ಗಿಡವು ಎರಡು ಸ್ಥಿತಿಗೂ ಒಂದೇ ಬಗೆಯ ಎಲೆಯನ್ನು ಇಟ್ಟುಕೊಂಡಿರಲು ಸಾಧ್ಯವೇ ಇಲ್ಲ.

ಗಾಳಿಯಲ್ಲಿ ಬೆಳೆದ ಎಲೆಗೆ ತೇವಾಂಶ ಆರಿಹೋಗದಂತೆ ಮೇಲೊಂದು ಮೇಣದ ಪೊರೆಯಿರುತ್ತದೆ, ಉಸಿರಾಟಕ್ಕೆ ಪತ್ರರಂಧ್ರಗಳಿರುತ್ತವೆ, ತನ್ನ ಭಾರವನ್ನು ತಾನೇ ಹೊರುವ ಬಿಗುವಿರುತ್ತದೆ. ಅದೇ ಎಲೆಯನ್ನು ನೀರಿನಲ್ಲಿ ಮುಳುಗಿಸಿದರೆ ಈ ಸೌಕರ್ಯಗಳೇ ಅಡ್ಡಿಯಾಗುತ್ತವೆ. ಇಂಗಾಲದ ಡೈಆಕ್ಸೈಡ್ ಅನಿಲವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅಷ್ಟು ನಿಧಾನವಾಗಿ ಬಂದದ್ದನ್ನು ದಪ್ಪ ಪೊರೆ ಒಳಗೆ ಬಿಟ್ಟುಕೊಳ್ಳದಿದ್ದರೆ ಎಲೆ ಬೆಳಕಿನಲ್ಲಿದ್ದೂ ಉಪವಾಸ ಬೀಳುತ್ತದೆ. ನೀರಿನೊಳಗೆ ಹುಟ್ಟುವ ಎಲೆ ಆದ್ದರಿಂದಲೇ ತೆಳ್ಳಗೆ, ಉದ್ದಕ್ಕೆ, ಮೆತ್ತಗೆ ಇರುತ್ತದೆ. ಹಳೆಯ ಎಲೆಯನ್ನು ಹೊಸ ಸ್ಥಿತಿಗೆ ತಿದ್ದಲು ಗಿಡಕ್ಕೆ ಬರುವುದಿಲ್ಲ. ಅದು ಹಳೆಯದನ್ನು ಕೈಬಿಟ್ಟು, ಅದರಲ್ಲಿದ್ದ ಸಾರದಲ್ಲಿ ಎಳೆದುಕೊಳ್ಳಲಾಗುವಷ್ಟನ್ನು ಒಳಗೆಳೆದುಕೊಂಡು, ಬುಡದಿಂದ ಹೊಸ ಎಲೆಯನ್ನು ಹೊರಡಿಸುತ್ತದೆ.

ನೀವು ತಂದ ಗಿಡ ನೀರಿನಲ್ಲಿ ಬೆಳೆದಿರಲಾರದು. ಅಕ್ವೇರಿಯಂ ಗಿಡಗಳನ್ನು ಮಾರಾಟಕ್ಕಾಗಿ ಬೆಳೆಸುವವರು ಬಹುಮಟ್ಟಿಗೆ ಅವುಗಳನ್ನು ನೀರಿನ ಹೊರಗೇ, ಬೇರು ಮಾತ್ರ ಒದ್ದೆಯಾಗಿರುವಂತೆ ಬೆಳೆಸುತ್ತಾರೆ. ಗಾಳಿಯಿಂದ ಇಂಗಾಲ ಧಾರಾಳವಾಗಿ ಸಿಗುವುದರಿಂದ ಅಲ್ಲಿ ಬೆಳವಣಿಗೆ ವೇಗವಾಗಿರುತ್ತದೆ, ಪಾಚಿಯ ಕಾಟವೂ ಬಸವನಹುಳುಗಳ ಕಾಟವೂ ಇರುವುದಿಲ್ಲ, ಸಾಗಾಟದಲ್ಲಿ ಎಲೆ ನಲುಗುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಕೊಳ್ಳುವವರಿಗೆ ಇದನ್ನು ಒಂದು ಮಾತಿನಲ್ಲಿ ತಿಳಿಸದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ, ಏಕೆಂದರೆ ಆ ಒಂದು ಮಾತು ಎಷ್ಟೋ ಗಿಡಗಳನ್ನು ಉಳಿಸುತ್ತಿತ್ತು.

ಗಿಡದ ಜೀವವಿರುವುದು ಎಲೆಯಲ್ಲಲ್ಲ, ಮರಳಿನ ಕೆಳಗೆ ಶುಂಠಿಯಂತೆ ಅಡ್ಡಕ್ಕೆ ಸಾಗುವ ಗೆಡ್ಡೆಯಲ್ಲಿ. ಅರಿಶಿನದ ಎಲೆಗಳು ಒಣಗಿ ಬಿದ್ದಾಗ ಅರಿಶಿನ ಸತ್ತುಹೋಯಿತೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದೇ ವಿವೇಕವನ್ನು ಗಾಜಿನ ತೊಟ್ಟಿಯ ಮುಂದೆ ಕುಳಿತಾಗ ಮಾತ್ರ ಏಕೆ ಮರೆಯಬೇಕು? ಗೆಡ್ಡೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ. ಮೆತ್ತಗಾಗಿ, ಹಿಸುಕಿದರೆ ಒಡೆದು, ಕೊಳೆತ ವಾಸನೆ ಬಂದರೆ ಮಾತ್ರ ಸತ್ತಿದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ಚಿಗುರಿದೆಯೇ ಎಂದು ವಾರಕ್ಕೊಮ್ಮೆ ಕಿತ್ತು ನೋಡುವವರ ಕೈಯಲ್ಲಿ ಗಟ್ಟಿ ಗೆಡ್ಡೆಯೂ ಉಳಿಯುವುದಿಲ್ಲ, ಏಕೆಂದರೆ ಪ್ರತಿ ಸಲ ಕಿತ್ತಾಗಲೂ ಆಗಷ್ಟೇ ಮೂಡಿದ ಎಳೆಬೇರುಗಳು ಹರಿಯುತ್ತವೆ. ಠಾಣೆಯ ನಮ್ಮ ಮನೆಯಲ್ಲಿ ಎಲೆಯೊಂದೂ ಇಲ್ಲದ ಒಂದು ಗೆಡ್ಡೆ 40 ದಿನ ಸುಮ್ಮನಿದ್ದು, ಅನಂತರ ಸೂಜಿಯಷ್ಟು ಸಣ್ಣ ಎಲೆಯನ್ನು ಹೊರಡಿಸಿತು; ಇಂದು ಅದರ ಸುತ್ತ ಮರಿಗಿಡಗಳ ಹಿಂಡೇ ಇದೆ.

ಕರಗಿದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಅವು ತೊಟ್ಟಿಯಲ್ಲೇ ಕೊಳೆತರೆ ಅಮೋನಿಯಾ ಹೆಚ್ಚಿ ಮೀನುಗಳಿಗೆ ತೊಂದರೆಯಾಗುತ್ತದೆ. ಇದು ರೋಗವಲ್ಲವಾದ್ದರಿಂದ ಔಷಧ ಬೇಡ, ಉಪ್ಪಂತೂ ಬೇಡವೇ ಬೇಡ. ಎಲೆಯಿಲ್ಲದ ಗಿಡಕ್ಕೆ ಗೊಬ್ಬರ ಸುರಿದರೆ ಅದನ್ನು ತಿನ್ನುವುದು ಪಾಚಿ. ಇನ್ನೊಂದು ಮಾತು: ನೀರಿನೊಳಗೇ ಹುಟ್ಟಿದ ಎಲೆಗಳೂ ಒಮ್ಮೊಮ್ಮೆ ಹೀಗೆ ಕರಗುತ್ತವೆ. ತಾನ್ಸಾ, ಭಾತ್ಸಾ ಜಲಾಶಯಗಳ ಮೆದು ನೀರಿಗೆ ಒಗ್ಗಿದ ತೊಟ್ಟಿಗೆ, ನಲ್ಲಿ ನಿಂತ ದಿನ ಟ್ಯಾಂಕರಿನ ಗಡಸು ನೀರನ್ನು ಅರ್ಧದಷ್ಟು ಸುರಿದರೆ ಈ ಗಿಡ ಅದನ್ನು ಸಹಿಸದೇ ಹೋಗಬಹುದು. ಬದಲಾವಣೆ ಏನೇ ಇರಲಿ, ಸ್ವಲ್ಪಸ್ವಲ್ಪವಾಗಿ ಆಗಲಿ.

ಇನ್ನು ಬಾಲ್ಕನಿಯ ವಿಷಯ. ಖಂಡಿತವಾಗಿ ಬೆಳೆಸಬಹುದು, ಮುಂಬಯಿಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಹಸಿ ಸಗಣಿಗೊಬ್ಬರ ಸೇರದ ತೋಟದ ಮಣ್ಣನ್ನೂ ಅದರ ಮೇಲೆ ಎರಡು ಬೆರಳು ಮರಳನ್ನೂ ಹಾಕಿ, ಗೆಡ್ಡೆಯ ಮೊಳಕೆಯ ತುದಿ ಹೂತುಹೋಗದಂತೆ ನೆಟ್ಟು, ನೀರು ಮರಳಿನ ಮಟ್ಟವನ್ನು ದಾಟದಂತೆ ನೋಡಿಕೊಳ್ಳಿ. ಮರಳಿನ ಮೇಲೆ ನೀರು ನಿಂತರೆ ಗಿಡಕ್ಕೇನೂ ಆಗದು, ಆದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಡೆಂಗಿಯ ಊರಿನಲ್ಲಿ ಅದು ಸಣ್ಣ ತಪ್ಪಲ್ಲ. ನೇರ ಬಿಸಿಲು ಬೇಡ. ಹೊಸ ಎಲೆಗಳು ಬಂದ ಮೇಲೆ ಎರಡು ವಾರಗಳ ಅವಧಿಯಲ್ಲಿ ಮುಚ್ಚಳವನ್ನು ದಿನದಿನಕ್ಕೆ ಸ್ವಲ್ಪ ಹೆಚ್ಚು ತೆರೆಯುತ್ತ ಬಂದರೆ ಗಿಡ ಹೊರಗಾಳಿಗೆ ಒಗ್ಗುತ್ತದೆ. ಪುಣೆಯ ಓದುಗರು ಮಾತ್ರ ಮಾರ್ಚ್‌ನಿಂದ ಮೇ ತನಕ ಮುಚ್ಚಳ ತೆಗೆಯುವ ಯೋಚನೆ ಮಾಡಬಾರದು. ಅಲ್ಲಿನ ಒಣಗಾಳಿಗೆ ಎಲೆಯ ಅಂಚು ಒಂದೇ ಮಧ್ಯಾಹ್ನದಲ್ಲಿ ಸುರುಟಿಕೊಳ್ಳುತ್ತದೆ. ಮುಂದೆ ಇದೇ ಗಿಡವನ್ನು ಮತ್ತೆ ನೀರಿಗಿಳಿಸಿದಾಗ ಎಲೆಗಳು ಕರಗುತ್ತವೆ. ಆಗ ಗಾಬರಿಯಾಗಬೇಡಿ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಲೇಬೇಕೆನಿಸುತ್ತದೆ: ಈ ಗಿಡದ ಹೂವು. ತುಂಬಿದ ಅಕ್ವೇರಿಯಂನ ಆಳದಲ್ಲಿ ಅದನ್ನು ಕಾಣುವ ಆಸೆ ಇಟ್ಟುಕೊಳ್ಳಬೇಡಿ. ಗದ್ದೆಯಲ್ಲಿ ನೀರಿಳಿದಂತೆ ಕುಂಡದಲ್ಲಿಯೂ ನೀರಿಳಿದಾಗಲೇ ಅದು ಹೂಬಿಡುತ್ತದೆ. ಹೂಗೊಂಚಲನ್ನು ಸುತ್ತಿರುವ ಹಾಳೆ ಕಡುನೇರಳೆ ಬಣ್ಣದ್ದು, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡದ್ದು. ಸ್ಪೈರಾಲಿಸ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಕ್ರಿಪ್ಟೋಕೋರಿನ್ ಎಂಬ ಗ್ರೀಕ್ ಮೂಲದ ಪದಕ್ಕೆ ಅಡಗಿದ ಗದೆ ಎಂದರ್ಥ. ಆ ಗದೆಯಿರುವುದು ಹಾಳೆಯ ಬುಡದ ಸಣ್ಣ ಗಡಿಗೆಯೊಳಗೆ. ವಾಸನೆಗೆ ಮರುಳಾಗಿ ಒಳಗಿಳಿದ ಪುಟ್ಟ ನೊಣಗಳು ನುಣುಪಾದ ಗೋಡೆಯನ್ನು ಏರಲಾರದೆ ಅಲ್ಲೇ ಉಳಿಯುತ್ತವೆ. ಮೊದಲು ಕೆಳಗಿನ ಹೆಣ್ಣುಹೂಗಳು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತವೆ, ಆಮೇಲೆ ಮೇಲಿನ ಗಂಡುಹೂಗಳು ಪರಾಗ ಬಿಡುತ್ತವೆ, ಅದನ್ನು ಮೈಗೆ ಹಚ್ಚಿಕೊಂಡ ನೊಣಗಳಿಗೆ ಆ ಬಳಿಕವೇ ಬಿಡುಗಡೆ. ಮಳೆ ನಿಂತ ಮೇಲೆ ಡಬ್ಬಿಯ ನೀರನ್ನು ತುಸು ತಗ್ಗಿಸಿ, ಎಲೆಗಳನ್ನು ಬದಿಗೆ ಸರಿಸಿ, ಗಿಡದ ಬುಡದಲ್ಲಿ ನೇರಳೆ ಬಣ್ಣದ ಚೂಪು ಮೊಗ್ಗಿಗಾಗಿ ಹುಡುಕಿ.