ದುಡ್ಡಿದ್ದರೂ ಕಂಪನಿಗಳು ಹೊಸ ಫ್ಯಾಕ್ಟರಿ ಯಾಕೆ ಹಾಕುವುದಿಲ್ಲ?

ಓದುಗರ ಪ್ರಶ್ನೆ: "ನಾವು ಹಾಸನದವರು. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಕೆಲಸ ಕೇಳಿದ ಕಡೆಯಲ್ಲೆಲ್ಲ 'ಸದ್ಯಕ್ಕೆ ಹೊಸ ಲೈನ್ ಹಾಕ್ತಿಲ್ಲ' ಅಂತಾರೆ. ಪೇಪರ್ ನೋಡಿದರೆ ಕಂಪನಿಗಳಿಗೆ ಒಳ್ಳೆ ಲಾಭ, ಸರ್ಕಾರ ತೆರಿಗೆ ಬೇರೆ ಇಳಿಸಿದೆ. ದುಡ್ಡು ಇಟ್ಟುಕೊಂಡು ಯಾಕೆ ಸುಮ್ನೆ ಕೂತಿದ್ದಾರೆ? ದೊಡ್ಡ ಕುರ್ಚಿಯಲ್ಲಿ ಇರುವವರಿಗೆ ಅಷ್ಟೊಂದು ಭಯ ಯಾಕೆ?"

ಬೇರೆ ಬೇರೆ ಮಾತಿನಲ್ಲಿ ಇದೇ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಈ ಸಲ ಕೇಳಿದವರು ಒಬ್ಬ ತಂದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನಾನು ಕಣ್ಣಾರೆ ಕಂಡದ್ದು. ಚಿಕ್ಕಮಗಳೂರಿನ ಕಡೆ ಒಂದು ಕಂಪನಿ ಎಸ್ಟೇಟಿನಲ್ಲಿ ಕೆಲವು ವರ್ಷ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಹದಿನೈದು ಎಕರೆಯ ಒಂದು ಹಳೇ ಅರೇಬಿಕಾ ಕಾಫಿ ಬ್ಲಾಕ್ ಇತ್ತು. ಕಾಂಡವನ್ನು ಒಳಗಿಂದ ಕೊರೆಯುವ ಬಿಳಿ ಕಾಂಡಕೊರಕ ಹುಳು ಹತ್ತಿ, ವರ್ಷಾ ವರ್ಷಾ ಗಿಡ ಕಿತ್ತು ಸುಡುವುದೇ ಕೆಲಸವಾಗಿತ್ತು. ಅರ್ಧಕ್ಕರ್ಧ ಜಾಗ ಖಾಲಿ. ಪೂರ್ತಿ ತೆಗೆದು ಹೊಸ ಗಿಡ ನೆಟ್ಟು ರೀಪ್ಲಾಂಟ್ ಮಾಡಬೇಕು ಅನ್ನುವುದು ಮ್ಯಾನೇಜರಿಗೆ ಗೊತ್ತು, ರೈಟರಿಗೆ ಗೊತ್ತು, ಗಿಡ ಕೀಳುವ ಆಳುಗಳಿಗೂ ಗೊತ್ತು. ನಾನು ಲೆಕ್ಕ ಹಾಕಿಕೊಟ್ಟೆ. ಗುಂಡಿ, ಗಿಡ, ಗೊಬ್ಬರ, ಆಳಿನ ಖರ್ಚು ಎಲ್ಲ ಕಳೆದರೂ ಲಾಭ ಎದ್ದು ಕಾಣುತ್ತಿತ್ತು. ಮ್ಯಾನೇಜರ್ ಆ ಕಾಗದವನ್ನು ಎರಡು ಸಲ ಓದಿದರು. ಹೆಡ್ ಆಫೀಸಿಗೆ ಕಳಿಸಲಿಲ್ಲ.

"ನೋಡಪ್ಪಾ," ಅಂದರು. "ಅರೇಬಿಕಾ ಮೊದಲ ಫಸಲು ಕೊಡೋಕೇ ಮೂರ್ನಾಲ್ಕು ವರ್ಷ ಬೇಕು. ಅಲ್ಲಿ ತನಕ ಈ ಬ್ಲಾಕಿನಲ್ಲಿ ಬರೀ ಖರ್ಚು. ನನ್ನನ್ನ ಇಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ಇಡಲ್ಲ. ಇಳುವರಿ ಇಳಿಸಿದ ಅಂತ ನನ್ನ ಹೆಸರು ಬರುತ್ತೆ. ಕಾಫಿ ಕುಯ್ಯುವಾಗ ಇಲ್ಲಿ ಇನ್ಯಾರೋ ಇರ್ತಾರೆ."

ಅವರು ಒಳ್ಳೆಯ ಮನುಷ್ಯ, ತೋಟ ಬಲ್ಲವರು. ಪುಕ್ಕಲರಂತೂ ಅಲ್ಲ. ಆನೆ ಬಂದ ರಾತ್ರಿ ಟಾರ್ಚ್ ಹಿಡಿದು ಆಳುಗಳ ಲೈನ್ ಮನೆಗಳ ತನಕ ಹೋಗಿ ಎಲ್ಲರನ್ನೂ ಎಚ್ಚರಿಸಿ ಬಂದವರು. ಆದರೆ ರೀಪ್ಲಾಂಟ್ ಮಾಡಿ ಕೆಟ್ಟರೆ ತಪ್ಪು ಅವರ ತಲೆಗೆ. ಚೆನ್ನಾಗಿ ಆದರೆ ಲಾಭ ಕಂಪನಿಗೆ, ಹೆಸರು ಮುಂದಿನ ಮ್ಯಾನೇಜರಿಗೆ. ಸುಮ್ಮನಿದ್ದರೆ? ಏನೂ ಆಗುವುದಿಲ್ಲ. ಆ ಬ್ಲಾಕ್ ವರ್ಷ ವರ್ಷ ಕಳೆದುಕೊಂಡ ಫಸಲಿಗೆ ನಾನು ಬರೆಯುತ್ತಿದ್ದ ಪುಸ್ತಕದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಮಾಡಿದ್ದರ ನಷ್ಟವನ್ನು ಬರೆಯುತ್ತಿದ್ದೆ. ಮಾಡದೆ ಬಿಟ್ಟದ್ದರ ನಷ್ಟವನ್ನು ಎಲ್ಲಿ ಬರೆಯುವುದು?

ದೊಡ್ಡ ಕಂಪನಿಗಳಲ್ಲೂ ಬಹಳ ಮಟ್ಟಿಗೆ ನಡೆಯುವುದು ಇದೇ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ರಿಚರ್ಡ್ ಥೇಲರ್ ಒಂದು ಘಟನೆ ಹೇಳುತ್ತಾರೆ. ಒಂದು ಕಂಪನಿಯ 23 ವಿಭಾಗಗಳ ಮುಖ್ಯಸ್ಥರು ಒಟ್ಟಿಗೆ ಸೇರಿದ್ದರು. ಥೇಲರ್ ಅವರಿಗೆ ಒಂದು ಪ್ರಶ್ನೆ ಹಾಕಿದರು. ನಿಮ್ಮ ಮುಂದೆ ಒಂದು ಯೋಜನೆ ಇದೆ. ಗೆದ್ದರೆ 20 ಲಕ್ಷ ಡಾಲರ್ ಲಾಭ, ಸೋತರೆ 10 ಲಕ್ಷ ಡಾಲರ್ ನಷ್ಟ. ಗೆಲುವು ಸೋಲು ಎರಡಕ್ಕೂ ಸಮಸಮ ಸಾಧ್ಯತೆ. ಯಾರು ಕೈ ಹಾಕುತ್ತೀರಿ? ಒಪ್ಪಿದವರು ಮೂರೇ ಜನ. ಆ ಕಂಪನಿಯ ಸಿಇಒ ಕೂಡ ಅಲ್ಲೇ ಕೂತಿದ್ದರು. ಇಂಥವು 23 ಇದ್ದರೆ ನಿಮಗೆ ಎಷ್ಟು ಬೇಕು ಅಂತ ಅವರನ್ನು ಕೇಳಿದರೆ, ಎಲ್ಲವೂ ಬೇಕು ಅಂದರು.

ಸಿಇಒ ಹೇಳಿದ್ದು ಸರಿಯಾದ ಲೆಕ್ಕ. 23ರಲ್ಲಿ 8 ಗೆದ್ದರೂ ಕಂಪನಿಗೆ ನಷ್ಟವಿಲ್ಲ. ಎಲ್ಲಾ 23ಕ್ಕೂ ಕೈ ಹಾಕಿದರೆ ಒಟ್ಟಿನಲ್ಲಿ ದುಡ್ಡು ಕಳೆದುಕೊಳ್ಳುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಆದರೆ ಪ್ರತಿಯೊಬ್ಬ ಮುಖ್ಯಸ್ಥನ ಕೈಯಲ್ಲಿ ಇದ್ದದ್ದು ಒಂದೇ ಒಂದು ಯೋಜನೆ. ಗೆದ್ದರೆ ಬೆನ್ನು ತಟ್ಟುತ್ತಾರೆ, ಸೋತರೆ ಕೆಲಸ ಹೋಗಬಹುದು. ಅವನ ಜಾಗದಲ್ಲಿ ನೀವಿದ್ದರೂ ನಾನಿದ್ದರೂ ಬೇಡ ಅನ್ನುತ್ತಿದ್ದೆವು, ಅಲ್ವಾ?

ಇದರ ಜೊತೆಗೆ ಮನುಷ್ಯನ ಸ್ವಭಾವವೂ ಸೇರುತ್ತದೆ. ಕಳೆದುಕೊಂಡ ನೂರು ರೂಪಾಯಿಯ ಸಂಕಟ, ಸಿಕ್ಕ ನೂರು ರೂಪಾಯಿಯ ಖುಷಿಗಿಂತ ಹೆಚ್ಚು. ಸುಮಾರು ಎರಡು ಪಟ್ಟು ಅಂತ ಹೇಳುತ್ತಾರೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದರ ಬಗ್ಗೆ ಬರೆದಿದ್ದರು.

ಇನ್ನೊಂದು ಒತ್ತಡ ಮೂರು ತಿಂಗಳ ಲೆಕ್ಕದ್ದು. ನಮ್ಮಲ್ಲಿ ಶೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು ಸಾಮಾನ್ಯವಾಗಿ ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ ಕೊಡಬೇಕು, ಅದು ಶೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಯ ನಿಯಮ. ಕಾಫಿ ಗಿಡಕ್ಕೆ ಮೂರು ತಿಂಗಳಿಗೊಮ್ಮೆ ಇಳುವರಿ ಕೇಳಿದ ಹಾಗೆ. ಅಮೆರಿಕದಲ್ಲಿ 401 ಹಣಕಾಸು ಅಧಿಕಾರಿಗಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಈ ತ್ರೈಮಾಸಿಕದ ಲಾಭದ ಗುರಿ ತಪ್ಪುವ ಹಾಗಿದ್ದರೆ ಹೊಸ ಯೋಜನೆಯನ್ನು ಮುಂದಕ್ಕೆ ಹಾಕುತ್ತೇವೆ ಅಂತ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿಕೊಂಡಿದ್ದರು. ಸಂಶೋಧನೆ, ಜಾಹೀರಾತು, ರಿಪೇರಿ ಇಂಥ ಖರ್ಚು ಕಡಿತ ಮಾಡುತ್ತೇವೆ ಅಂದವರು ನೂರಕ್ಕೆ 80 ಜನ. ಈ ಸಂಖ್ಯೆ ಮೊದಲ ಸಲ ಓದಿದಾಗ ನನಗೆ ಆ ಹದಿನೈದು ಎಕರೆ ನೆನಪಾಗಿ ಬೇಸರವಾಯಿತು.

ಇಲ್ಲಿ ಒಂದು ಮಾತು ಬರಬಹುದು. ನಮ್ಮ ದೇಶದಲ್ಲಿ ಬಹಳ ಕಂಪನಿಗಳು ಮನೆತನದ ಕೈಯಲ್ಲಿವೆ, ಮಾಲೀಕರೇ ಕುರ್ಚಿಯಲ್ಲಿ ಇರುತ್ತಾರೆ, ಅವರಿಗೇನು ವರ್ಗಾವಣೆಯ ಭಯ? ನಿಜ. ಅವರ ಹಿಂಜರಿಕೆಗೆ ಕಾರಣ ಬೇರೆ. 2003ರಿಂದ 2008ರ ತನಕ ಉಕ್ಕು, ವಿದ್ಯುತ್, ರಸ್ತೆ ಅಂತ ದೊಡ್ಡ ದೊಡ್ಡ ಸಾಲ ಮಾಡಿ ಕಟ್ಟಿದರು. ಆಮೇಲೆ ಬೇಡಿಕೆ ಬಿತ್ತು. ಜಮೀನು, ಕಲ್ಲಿದ್ದಲು, ಪರವಾನಗಿ ಎಲ್ಲವೂ ತಡವಾಯಿತು. ಬಡ್ಡಿ ಮಾತ್ರ ತಡವಾಗಲಿಲ್ಲ. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳು ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ 11ಕ್ಕಿಂತ ಜಾಸ್ತಿ ವಸೂಲಾಗದ ಸಾಲವಾಗಿತ್ತು. 2016ರ ದಿವಾಳಿ ಕಾನೂನು ಬಂದ ಮೇಲೆ ಸಾಲ ಕಟ್ಟಲಾಗದ ಮಾಲೀಕರ ಕೈಯಿಂದ ಕಂಪನಿಗಳೇ ಹೋದವು. ಭೂಷಣ್ ಸ್ಟೀಲ್, ಎಸ್ಸಾರ್ ಸ್ಟೀಲ್ ಹಾಗೆ ಕೈ ಬದಲಾದವು. ಆ ಕಾನೂನು ಬೇಕಾಗಿತ್ತು ಅಂತಲೇ ನಾನು ನಂಬುತ್ತೇನೆ. ಆದರೆ ಅದನ್ನು ಕಂಡವರು ಮತ್ತೆ ಸಾಲಕ್ಕೆ ಸಹಿ ಹಾಕುವಾಗ ಪೆನ್ನು ಹಿಡಿದು ಯೋಚನೆ ಮಾಡುತ್ತಾರೆ.

ಹಾಗಾಗಿ ತೆರಿಗೆ ಇಳಿಸಿದಾಗ ಏನಾಯಿತು ನೋಡಿ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿತು, ಹೊಸ ಉತ್ಪಾದನಾ ಕಂಪನಿಗಳಿಗೆ 15. ಉಳಿದ ದುಡ್ಡು ಹೊಸ ಫ್ಯಾಕ್ಟರಿಗಿಂತ ಸಾಲ ತೀರಿಸಲು, ಕೈಯಲ್ಲಿ ನಗದು ಇಟ್ಟುಕೊಳ್ಳಲು ಹೋಯಿತು ಅಂತ ರಿಸರ್ವ್ ಬ್ಯಾಂಕ್ ಮರುವರ್ಷದ ತನ್ನ ವರದಿಯಲ್ಲಿ ಹೇಳಿತು. 2022ರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಉದ್ಯಮಿಗಳನ್ನು ಹನುಮಂತನಿಗೆ ಹೋಲಿಸಿ, ನಿಮ್ಮ ಶಕ್ತಿ ನಿಮಗೇ ಗೊತ್ತಿಲ್ಲವೇ ಅಂತ ಕೇಳಿದ್ದರು. ಹೋಲಿಕೆ ಚೆನ್ನಾಗಿದೆ. ಆದರೆ ಹನುಮಂತ ಹಾರುವಾಗ ಆಚೆ ದಡದಲ್ಲಿ ಲಂಕೆ ಇತ್ತು. ಫ್ಯಾಕ್ಟರಿ ಹಾಕುವವನಿಗೆ ಆಚೆ ದಡದಲ್ಲಿ ಗಿರಾಕಿ ಇರಬೇಕು.

ಇದನ್ನು ಭಯ ಅಂತ ಕರೆಯಲು ನನಗೆ ಮನಸ್ಸಿಲ್ಲ. ರಿಸರ್ವ್ ಬ್ಯಾಂಕ್ ಕಾರ್ಖಾನೆಗಳನ್ನು ಕೇಳಿ ನಡೆಸುವ ಸಮೀಕ್ಷೆಯಲ್ಲಿ ಈಚಿನ ವರ್ಷಗಳಲ್ಲಿ ಬಂದ ಉತ್ತರ, ಇರುವ ಸಾಮರ್ಥ್ಯದಲ್ಲಿ ಬಳಕೆಯಾಗುತ್ತಿರುವುದು ನೂರಕ್ಕೆ ಸುಮಾರು 75 ಅಂತ. ಇರುವ ಮಿಷನ್ನೇ ಕಾಲು ಭಾಗ ಖಾಲಿ ಕೂತಿರುವಾಗ ಹೊಸದನ್ನು ಯಾರು ತರುತ್ತಾರೆ?

ಮೇಲಾಗಿ ಒಮ್ಮೆ ಹಾಕಿದ ಬಂಡವಾಳ ವಾಪಸ್ ತೆಗೆಯಲು ಆಗುವುದಿಲ್ಲ. ನಮ್ಮ ಹಾಸನದ ಜವಳಿ ವಲಯದಲ್ಲಿ ಹೊರದೇಶಕ್ಕೆ ಹೋಗುವ ಬೆಡ್‌ಶೀಟ್ ತಯಾರಾಗುತ್ತದೆ. ಅಮೆರಿಕ ದೊಡ್ಡ ಗಿರಾಕಿ. 2025ರ ಏಪ್ರಿಲ್‌ನಲ್ಲಿ ಭಾರತದ ಸರಕಿಗೆ ಶೇ. 26 ಸುಂಕ ಅಂದರು, ಆಮೇಲೆ ಮುಂದೂಡಿದರು, ಆಗಸ್ಟ್ ಕೊನೆಗೆ 50 ಮಾಡಿದರು. ಇಂಥ ಹೊತ್ತಿನಲ್ಲಿ ಹೊಸ ಮಗ್ಗಕ್ಕೆ ಆರ್ಡರ್ ಕೊಡುವುದು ಹೇಗೆ? ಮಾರ್ಚ್ ತಿಂಗಳಲ್ಲಿ ಮೋಡ ನೋಡುತ್ತಾ ನಿಲ್ಲುವ ರೊಬಸ್ಟಾ ಕಾಫಿ ಬೆಳೆಗಾರರಿಗೆ ಇದು ಅರ್ಥವಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ನಾಳೆ ಬರಬಹುದು ಅನ್ನಿಸಿದರೆ ಇವತ್ತು ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯಲು ಕೈ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಕಾಯುವುದರಿಂದಲೂ ಒಂದು ಲಾಭ ಇದೆ ಅನ್ನುವುದನ್ನು ಅವಿನಾಶ್ ದೀಕ್ಷಿತ್, ರಾಬರ್ಟ್ ಪಿಂಡೈಕ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿಯೇ ತೋರಿಸಿದ್ದಾರೆ.

ಗಿರಾಕಿಯನ್ನು ಯಾವ ಕಂಪನಿಯೂ ಒಂಟಿಯಾಗಿ ಸೃಷ್ಟಿಸಲಾರದು. ಆದರೆ ಮ್ಯಾನೇಜರನ ಭಯಕ್ಕೆ ಮದ್ದು ಕಂಪನಿಯ ಕೈಯಲ್ಲೇ ಇದೆ. ನಮ್ಮ ಎಸ್ಟೇಟಿನ ಪಕ್ಕದ ತೋಟ ಒಂದು ಮನೆತನದ್ದು. ಅಲ್ಲಿ ರೇಟು ಏರಲಿ ಇಳಿಯಲಿ, ಪ್ರತಿ ವರ್ಷ ತೋಟದ ಇಂತಿಷ್ಟು ಭಾಗ ರೀಪ್ಲಾಂಟ್ ಮಾಡಲೇಬೇಕು ಅಂತ ಹಿರಿಯರು ಕಟ್ಟು ಮಾಡಿಟ್ಟಿದ್ದರು. ಮ್ಯಾನೇಜರ್ ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದು ಬ್ಲಾಕ್ ಕೈಕೊಟ್ಟರೂ ಯಾರೂ ಅವನನ್ನು ಬೈಯುತ್ತಿರಲಿಲ್ಲ. ಥೇಲರ್ ಘಟನೆಯ ಸಿಇಒ 23 ಯೋಜನೆಗಳನ್ನು ಒಟ್ಟಿಗೆ ನೋಡಿದ ಹಾಗೆ, ಅವರು ತೋಟವನ್ನು ಒಟ್ಟಿಗೆ ನೋಡುತ್ತಿದ್ದರು. ಕೆಲವು ಕಂಪನಿಗಳು ಈಗ ಅಧಿಕಾರಿಗಳ ಬೋನಸ್ಸನ್ನು ವರ್ಷದ ಬದಲು ಮೂರು, ಐದು ವರ್ಷದ ಫಲಿತಾಂಶಕ್ಕೆ ಕಟ್ಟುತ್ತವೆ. ಅದು ಇನ್ನೂ ಜಾಸ್ತಿ ಆಗಬೇಕು.

ಇನ್ನು ನಿಮ್ಮ ಮಗನ ವಿಷಯ. 'ಹೊಸ ಲೈನ್ ಇಲ್ಲ' ಅಂದ ಕಂಪನಿಗಳಲ್ಲಿ ಅವನ ಜೊತೆ ಓದಿದವರು ಯಾರಾದರೂ ಕೆಲಸಕ್ಕೆ ಇದ್ದೇ ಇರುತ್ತಾರೆ. ಎಷ್ಟು ಶಿಫ್ಟ್ ನಡೆಯುತ್ತಿದೆ ಅಂತ ಅವರನ್ನು ಕೇಳಲು ಹೇಳಿ. ಒಂದೂವರೆ ಶಿಫ್ಟ್ ಅಂದರೆ ಅಲ್ಲಿ ಸದ್ಯಕ್ಕೆ ಕಾಯುವುದು ಬೇಡ. ಮೂರನೇ ಶಿಫ್ಟೂ ತುಂಬಿದೆ, ಭಾನುವಾರವೂ ಓಟಿಗೆ ಕರೆಯುತ್ತಾರೆ ಅಂದರೆ, ಅಲ್ಲಿಗೆ ಅರ್ಜಿ ಮತ್ತೊಮ್ಮೆ ಕೊಟ್ಟು ಬರಲಿ.